ಹಳೇ ಗಿರಾಕಿಗೆ ಹಳೇ ದರ

ಮೇಷ್ಟ್ರ ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಕತ್ತಿ ಇಡುವ ಹೊತ್ತಿಗೆ ಕ್ಷೌರದಂಗಡಿಯವನ ಫೋನು ಕಿಣಿಗುಟ್ಟಿತು. ನೋಡದಿದ್ದರೆ ಆ ದಿನ ನೆಟ್ಟಗಿರುತ್ತಿತ್ತು. ನೋಡಿದ.

“ಪ್ರೀತಿಯ ಗ್ರಾಹಕರೇ, ಇನ್ನೂ ಉತ್ತಮ ಸೇವೆಗಾಗಿ ಚಂದಾ ದರ ಏರಿಸುತ್ತಿದ್ದೇವೆ.”

ವಿಡಿಯೋ ಗೇಮಿನ ಕಂಪನಿ. ಈ ವರ್ಷ ಇದು ಎರಡನೇ ಸಲ.

“ನಂಬಿಸಿ ಕತ್ತು ಕೊಯ್ದರು!” ಎಂದು ಕತ್ತಿ ಹಿಡಿದ ಕೈಯನ್ನೇ ಎತ್ತಿ ಕೂಗಿದ.

“ಕೂಗೋದಾದ್ರೆ ಕತ್ತಿ ಕೆಳಗಿಟ್ಟು ಕೂಗಪ್ಪ,” ಎಂದರು ಮೇಷ್ಟ್ರು.

ತಲೆ ನರೆತವನಿಗೆ ಎಂಥ ಆಟ ಎಂದು ಓಣಿಯೆಲ್ಲ ನಗುತ್ತಿತ್ತು. ಕಾರಣವನ್ನು ಅವನು ಯಾರಿಗೂ ಹೇಳಿರಲಿಲ್ಲ. ಬೇರೆ ಊರಿನಲ್ಲಿ ನರ್ಸಿಂಗ್ ಓದುವ ಮಗಳು ಫೋನು ಮಾಡಿದರೆ “ಊಟ ಆಯ್ತಾ?”, “ಆಯ್ತು” ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಅದೇ ಹುಡುಗಿ ಸಂಜೆ ಅಲ್ಲಿಂದಲೇ ಅಪ್ಪನ ಜತೆ ಪರದೆಯ ಮೇಲೆ ಕಾರು ಓಡಿಸಲು ಕೂತರೆ ವಾರ್ಡನ್ನಿನ ಸಿಡುಕು, ಗೆಳತಿಯ ಜಗಳ, ಮೊದಲ ಸಲ ಸೂಜಿ ಚುಚ್ಚುವಾಗ ಕೈ ನಡುಗಿದ್ದು, ಎಲ್ಲ ತಾನಾಗಿಯೇ ಹೇಳುತ್ತಿದ್ದಳು. ಇಬ್ಬರಿಗೂ ಬೇರೆ ಬೇರೆ ಚಂದಾ, ಎರಡನ್ನೂ ಕಟ್ಟುವವನು ಅಪ್ಪನೇ. ಆ ಒಂದು ಗಂಟೆಯನ್ನು ಕಳೆದುಕೊಳ್ಳುವುದು ಅವನಿಂದಾಗದು.

ಬೆಂಚಿನ ಮೇಲಿದ್ದ ಮೊಬೈಲ್ ರಿಪೇರಿಯವನು ಬಾಯಿ ಹಾಕಿದ. “ಕ್ಯಾನ್ಸಲ್ ಒತ್ತಣ್ಣ. ಓಡಿ ಬಂದು ಕಾಲು ಹಿಡೀತಾರೆ.”

“ಹಿಡೀದಿದ್ರೆ?”

“ಹಿಡೀತಾರೆ,” ಎಂದರು ಮೇಷ್ಟ್ರು. ಅವರು ಜನ್ಮದಲ್ಲಿ ಒಂದು ಗೇಮು ಆಡಿದವರಲ್ಲ.

ಒತ್ತಿದ. ನಿಜವಾಗಿ ಹೋಗುತ್ತೀರಾ ಎಂದು ಫೋನು ಕೇಳಿತು. ಹೌದು ಎಂದ. ಯೋಚಿಸಿದ್ದೀರಾ ಎಂದಿತು. ಅದಕ್ಕೂ ಹೌದು ಎಂದ. ಆಗ ಕಂಪನಿ ಬೆಣ್ಣೆಯಾಯಿತು: “ನೀವು ನಮ್ಮ ಹಳೆಯ ಗ್ರಾಹಕರು. ವರ್ಷದ್ದೆಲ್ಲ ಈಗಲೇ ಕಟ್ಟಿದರೆ ಹಳೆಯ ದರವೇ. ಕಟ್ಟಿದ ಹಣ ವಾಪಸಿಲ್ಲ.” ಕಟ್ಟಿಯೇಬಿಟ್ಟ.

“ನೋಡಿದ್ರಾ? ಎದ್ದು ಹೋಗ್ತೀನಿ ಅಂದ್ರೆ ಎಂಥವರೂ ಬಗ್ಗಲೇಬೇಕು!” ಎಂದು ಅಂಗಡಿಗೆಲ್ಲ ಸಾರಿದ. ಕನ್ನಡಿಯ ಪಕ್ಕ ಹೋದ ವಾರ ತಾನೇ ಅಂಟಿಸಿದ್ದ ಚೀಟಿ ಅವನಿಗೆ ನೆನಪಾಗಲಿಲ್ಲ: “ಪ್ರೀತಿಯ ಗಿರಾಕಿಗಳೇ, ಉತ್ತಮ ಸೇವೆಗಾಗಿ ದರ ಏರಿಸಲಾಗಿದೆ.”

ಮೇಷ್ಟ್ರಿಗೆ ನೆನಪಾಯಿತು. ಹೆಗಲ ಬಟ್ಟೆ ತೆಗೆದು ಎದ್ದರು.

“ನಾನು ಎದುರಿನ ಅಂಗಡಿಗೆ ಹೋಗ್ತೀನಿ.”

“ಅರ್ಧ ಗಡ್ಡದಲ್ಲಾ?”

“ಉಳಿದರ್ಧ ಅವನು ಮಾಡ್ತಾನೆ.”

ಒಂದು ಕೆನ್ನೆಯ ನೊರೆ ಹೊತ್ತು ಮೇಷ್ಟ್ರು ಹೊಸ್ತಿಲು ದಾಟಿದರು. ಎದುರಿನವನು ಆಗಲೇ ಕುರ್ಚಿ ಒರೆಸುತ್ತಿದ್ದ. ಇವನು ಓಡಿಹೋಗಿ ಕೈ ಹಿಡಿದ. “ಬನ್ನಿ ಮೇಷ್ಟ್ರೇ, ನಿಮಗೆ ಹಳೇ ದರ!”

ಮಧ್ಯಾಹ್ನಕ್ಕೆ ಸುದ್ದಿ ಊರೆಲ್ಲ ಆಯಿತು. ಬಂದವರೆಲ್ಲ ಸುಮ್ಮನೆ ಕೂರುವುದು, ಅರ್ಧ ತಲೆಯಾದ ಮೇಲೆ ಏಳುವುದು. ಮೊಬೈಲ್ ರಿಪೇರಿಯವನಂತೂ ಒಂದೇ ಕಡೆ ಕೂದಲಿಟ್ಟುಕೊಂಡು ಎದುರಂಗಡಿಯ ಬಾಗಿಲವರೆಗೆ ಹೋಗಿ, ಕರೆಸಿಕೊಂಡೇ ಬಂದ. ಸಂಜೆ ಚೀಟಿಯನ್ನು ಕ್ಷೌರದಂಗಡಿಯವನೇ ಕಿತ್ತು ಬಿಸಾಡಿದ.

ಹಾಳಾಗಲಿ, ಮಗಳ ಜತೆ ಒಂದು ಗಂಟೆ ಇದೆಯಲ್ಲ. ಬಾಗಿಲು ಹಾಕಿ ಆಟ ತೆರೆದ. ಅವಳು ಅಲ್ಲಿರಲಿಲ್ಲ. ಗಾಬರಿಯಿಂದ ಫೋನು ಮಾಡಿದ.

“ನಾನು ಬಿಟ್ಬಿಟ್ಟೆ ಅಪ್ಪ. ದರ ಏರಿಸಿದ್ರಲ್ಲ, ನಿಂಗ್ಯಾಕೆ ಸುಮ್ನೆ ಖರ್ಚು ಅಂತ ಬೆಳಿಗ್ಗೇನೇ ಕ್ಯಾನ್ಸಲ್ ಒತ್ತಿದೆ.”

“ಹಳೇ ದರಕ್ಕೇ ಕೊಡ್ತೀವಿ ಅನ್ನಲಿಲ್ವಾ?”

“ಇಲ್ವಲ್ಲ. ಹೋಗಿ ಬನ್ನಿ ಅಂದ್ರು.”

ಮತ್ತೆ ಸೇರಿದರೆ ಅವಳು ಹೊಸಬಳು. ಹೊಸಬರಿಗೆ ಹೊಸ ದರ, ಮೇಲೆ ಸೇರುವ ಶುಲ್ಕ. ಅವನು ವರ್ಷಕ್ಕೆ ಕಟ್ಟಿದ್ದು ವಾಪಸು ಬರುವಂತಿಲ್ಲ.

“ಊಟ ಆಯ್ತಾ ಅಪ್ಪ?”

“ಆಯ್ತು.”

ಮಾತು ಅಲ್ಲಿಗೇ ಮುಗಿಯಿತು. ಅವನಿಗೆ ತಡೆಯಲಾಗಲಿಲ್ಲ. “ಸೇರ್ಕೊಳಮ್ಮ, ನಾನು ಕಟ್ತೀನಿ,” ಎಂದು, ದಿನದ ಗಳಿಕೆಯೆಲ್ಲ ಹೋದರೂ ಸರಿ, ಕಟ್ಟಿದ.

ಎರಡು ಕಾರುಗಳು ಹೊರಟವು. ಮೊದಲ ತಿರುವಿನಲ್ಲೇ ಮಗಳು ಅವನನ್ನು ಹಿಂದೆ ಹಾಕಿ ಕೇಳಿದಳು, “ಅಂಗಡಿ ಹೇಗಿದೆ ಅಪ್ಪ?”

“ಚೆನ್ನಾಗಿದೆ. ಹಳೇ ಗಿರಾಕಿ ಒಬ್ಬನೂ ಬಿಟ್ಟು ಹೋಗಿಲ್ಲ.”