ಬಸ್ಟರ್ ಕ್ರ್ಯಾಂಡಲನ ರೆಕಾರ್ಡಿನಲ್ಲಿ ಕೂಗಿದ್ದು ಯಾರು?

ಅಲಾಂಜೊ: ನನ್ನ ಗಂಟಲು ನನಗೆ ಗೊತ್ತಿಲ್ವೇನಯ್ಯಾ? ಆ ರೆಕಾರ್ಡಲ್ಲಿ ಕೂಗಿರೋದು ನಾನೇ!

ಕ್ಲಿಯೋಫಸ್: ನಿನ್ನ ಗಂಟಲಾ? ಟ್ರಾಮಿಗೆ ಬ್ರೇಕ್ ಹಾಕ್ದಂಗಿರುತ್ತೆ ಅದು. ಕೂಗಿದ್ದು ನಾನು.

ಅಲಾಂಜೊ: ಅಲ್ಲಾಡಬೇಡ. ಕೈಯಲ್ಲಿ ಕತ್ತಿ ಇದೆ.

ಕ್ಲಿಯೋಫಸ್: ನೋಡಿದ್ರಾ ಸ್ವಾಮಿ! ನ್ಯಾಯ ಕೇಳಿದ್ರೆ ಕತ್ತಿ ತೋರಿಸ್ತಾನೆ.

ನ್ಯಾಯ ಕೇಳಿದ್ದು ನನ್ನನ್ನು. ಉತ್ತರ ಫಿಲಡೆಲ್ಫಿಯಾದಲ್ಲಿ ಅಲಾಂಜೊ ಟಿಸ್‌ಡೇಲನ ಕ್ಷೌರದಂಗಡಿಗೆ ಶನಿವಾರ ಹೋದವನು ನ್ಯಾಯಾಧೀಶನಾಗದೆ ಹಿಂದಿರುಗುವಂತಿಲ್ಲ. ಕುರ್ಚಿಯಲ್ಲಿ ಕೂತವನು ಅಂಚೆ ಹಂಚುವ ಕ್ಲಿಯೋಫಸ್. ಅವನ ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ನೊರೆ ಒಣಗುತ್ತಿತ್ತು. ಇಬ್ಬರೂ ಬಸ್ಟರ್ ಕ್ರ್ಯಾಂಡಲನ ಜಾಝ್ ತಂಡವೆಂದರೆ ಪ್ರಾಣ ಬಿಡುವವರು.

ಕಳೆದ ವಸಂತದ ಒಂದು ಭಾನುವಾರ ಮಧ್ಯಾಹ್ನ ಆ ಐವರು ಪೆಪ್ಪರ್ ಪಾಟ್ ಕ್ಲಬ್ಬಿನಲ್ಲಿ ಬಾರಿಸಿದ್ದನ್ನು ಜನರ ಗಲಾಟೆ ಸಮೇತ ರೆಕಾರ್ಡು ಮಾಡಿದ್ದರು. ಅದರಲ್ಲಿ ಬಸ್ಟರ್ ಒಬ್ಬನೇ ಡ್ರಮ್ ನುಡಿಸುವಾಗ ಒಂದು ದಪ್ಪ ಧ್ವನಿ ಕೂಗುತ್ತದೆ: "ತಿರುವಿ ಹಾಕೋ ಮಗನೇ, ಆ ಕಡೆ ಇನ್ನೂ ಬೆಂದಿಲ್ಲ!" ಈ ಕೂಗು ನಮ್ಮ ಕೇರಿಗೆಲ್ಲ ಬಾಯಿಪಾಠ. ನಾಳೆ ತಂಡ ಮತ್ತೆ ಬರುತ್ತಿದೆ. ಟಿಕೆಟ್ಟುಗಳೆಲ್ಲ ಮುಗಿದು ಇವರಿಬ್ಬರಿಗೂ ಸಿಕ್ಕಿಲ್ಲ. ಆದರೆ ಕೂಗಿದವರು ಬಂದು ಅದೇ ಧ್ವನಿಯಲ್ಲಿ ಕೂಗಿ ತೋರಿಸಿದರೆ ಡ್ರಮ್ಮಿನ ಎದುರಿನ ಮೇಜು ಅವರದೇ, ಕುರ್ಚಿ ಎರಡು ಎಂದು ಯಜಮಾನ ಕ್ಲಬ್ಬಿನ ಬಾಗಿಲಿಗೆ ಬೋರ್ಡು ಹಾಕಿಸಿದ್ದಾನೆ.

ಕ್ಲಿಯೋಫಸ್: ಜನ್ಮದಲ್ಲಿ ಒಂದು ಮೊಟ್ಟೆ ಬೇಯಿಸಿದೀಯಾ ನೀನು? ತಿರುವಿ ಹಾಕೋ ಮಾತು ನಿನ್ನ ಬಾಯಿಗೆ ಹೆಂಗೆ ಬಂತು?

ಅಲಾಂಜೊ: ನನ್ನ ಹೆಂಡ್ತಿ ವರ್ಡೆಲ್ ಮೀನು ಹುರಿಯೋವಾಗ ದಿನಾ ಅನ್ನೋ ಮಾತು ಕಣೋ ಅದು. ಮನೇಲಿ ಕೇಳಿ ಕೇಳಿ ನನ್ನ ಬಾಯಿಗೂ ಬಂತು. ನಿನಗೆಲ್ಲಿಂದ ಬಂತು ಹೇಳು?

ಕ್ಲಿಯೋಫಸ್: ದೇವರು ಕೊಟ್ಟ.

ಅಲಾಂಜೊ: ದೇವರಿಗೆ ಬೇರೆ ಕೆಲಸ ಇಲ್ಲ ಪಾಪ.

ಕ್ಲಿಯೋಫಸ್: ಹೋಗಲಿ ಬಿಡು. ಆ ಕೂಗಿನ ಬೆನ್ನಿಗೇ ಒಬ್ಬ "ಬಾಯ್ಮುಚ್ಚಯ್ಯಾ, ಕೇಳಿಸ್ತಿಲ್ಲ!" ಅಂತ ಗದರ್ತಾನಲ್ಲ, ಅವನು ಯಾರು ಅಂತೀನಿ?

ಅಲಾಂಜೊ: ಯಾವನೋ ಮೂದೇವಿ! ಜಾಝ್ ಕೇಳೋಕೆ ಬಂದು ಬಾಯ್ಮುಚ್ಚು ಅಂತಾನಲ್ಲ, ಅವನು ಸ್ಮಶಾನಕ್ಕೆ ಹೋಗ್ಬೇಕಿತ್ತು, ದಾರಿ ತಪ್ಪಿ ಕ್ಲಬ್ಬಿಗೆ ಬಂದಿದಾನೆ.

ಕ್ಲಿಯೋಫಸ್: ಕೈಗೆ ಸಿಕ್ಕಿದ್ರೆ ಅವನ ಕಾಗದ ಒಂದೂ ಮನೆ ಮುಟ್ಟದ ಹಾಗೆ ಮಾಡ್ತೀನಿ.

ಈ ಒಂದು ವಿಷಯದಲ್ಲಿ ಇಬ್ಬರೂ ಒಂದಾದದ್ದು ನೋಡಿ ನನಗೂ ಸಂತೋಷವಾಯಿತು. ನಮ್ಮಲ್ಲಿ ವಾದ್ಯಗಾರನಿಗೆ ಕೂಗಿ ಹುರುಪು ಕೊಡದವನು ಊಟ ಮಾಡಿ ಅಡಿಗೆಯವಳಿಗೆ ಒಂದು ಮಾತೂ ಹೇಳದೆ ಎದ್ದು ಹೋದವನಿಗೆ ಸಮ. ಕೂಗುವವರನ್ನು ಸುಮ್ಮನಿರಿಸುವವನಂತೂ ಉಣ್ಣುವವರ ತಟ್ಟೆಯನ್ನೇ ಕಿತ್ತುಕೊಂಡ ಹಾಗೆ. ಕೊನೆಗೆ ನಾನೇ ತೀರ್ಪು ಕೊಟ್ಟೆ: ರೆಕಾರ್ಡು ಹಾಕಿ, ಇಬ್ಬರೂ ಅದರ ಜೊತೆ ಕೂಗಿ, ಯಾರದು ಕೂಡುತ್ತದೋ ನೋಡೋಣ. ಅಲಾಂಜೊ ರೆಕಾರ್ಡು ಹಚ್ಚಿದ. ಟ್ರಂಪೆಟ್ ಇನ್ನೂ ಏರುತ್ತಿತ್ತು, ಅಷ್ಟರಲ್ಲೇ ಅವನಿಗೆ ತಡೆಯಲಾಗಲಿಲ್ಲ.

ಅಲಾಂಜೊ: ತಿರುವಿ ಹಾಕೋ ಮಗನೇ...

ಕ್ಲಿಯೋಫಸ್: ಬೇಗ ಆಯ್ತು! ಬೇಗ ಆಯ್ತು! ಈಗ ನಾನು. ತಿರುವಿ...

ಬಾಗಿಲು ತೆರೆಯಿತು. ಹುರಿದ ಮೀನಿನ ಪೊಟ್ಟಣ ಹಿಡಿದು ಅಲಾಂಜೊನ ಹೆಂಡತಿ ವರ್ಡೆಲ್ ನಿಂತಿದ್ದಳು. ಚರ್ಚಿನಲ್ಲಿ ಜನರನ್ನು ಸಾಲಾಗಿ ಕೂರಿಸುವವಳು ಅವಳೇ, ಗಂಡಸರ ಕೊರತೆಯಾದಾಗ ಅವರ ಸಾಲಿನಲ್ಲಿ ನಿಂತು ಹಾಡುವವಳೂ ಅವಳೇ. ಜಾಝ್ ಎಂದರೆ ಸೈತಾನನ ಪಾತ್ರೆ ತೊಳೆಯುವ ಸದ್ದು ಎಂದು ಅವಳು ಹೇಳದ ದಿನವಿಲ್ಲ. ಅಲಾಂಜೊ ಗಡಿಬಿಡಿಯಲ್ಲಿ ರೆಕಾರ್ಡಿನ ಹೊದಿಕೆಯನ್ನು ಕ್ಲಿಯೋಫಸನ ಕೊರಳಿನ ಬಟ್ಟೆಯ ಕೆಳಗೆ ತುರುಕಿದ.

ವರ್ಡೆಲ್: ಏನ್ ಮಿಸ್ಟರ್ ಟಿಸ್‌ಡೇಲ್, ಏನಿದು ಕೂಗಾಟ?

ಸಿಟ್ಟು ಬಂದಾಗ ಮಾತ್ರ ಅವಳು ಗಂಡನನ್ನು ಹೀಗೆ ಕರೆಯುತ್ತಾಳೆ.

ಅಲಾಂಜೊ: ಕ್ಲಿಯೋಫಸ್‌ಗೆ ಗಂಟಲು ಕಟ್ಟಿದೆ. ಬಿಡಿಸ್ತಾ ಇದ್ದೆ.

ವರ್ಡೆಲ್: ಹಿಂಗೆ ಕೂಗಿದ್ರೆ ಗಂಟಲು ಬಿಡುತ್ತಾ? ಅಲ್ಲ, ಟ್ರಂಪೆಟ್ ಇನ್ನೂ ಇಳಿದೇ ಇಲ್ಲ, ಅಷ್ಟರಲ್ಲೇ ತಿರುವೋದಾ? ಡ್ರಮ್ಮಿಗೆ ಜಾಗ ಬಿಡ್ಬೇಡ್ವಾ? ಮೊದ್ಲು ಬಸ್ಟರ್ ದೊಡ್ಡ ಏಟು ಹಾಕ್ತಾನೆ. ಆಮೇಲೆ ಕೋಲು ಬಿಟ್ಟು ತಂತಿ ಕುಂಚದಲ್ಲಿ ಡ್ರಮ್ಮನ್ನ ಸವರ್ತಾ ಬರ್ತಾನೆ. ಉಸಿರು ಹಿಡ್ಕೊಂಡು, ಅವನು ಇನ್ನೇನು ತಣ್ಣಗಾದ ಅನ್ನೋವಾಗ... ಹಾಂ, ಈಗ...

ರೆಕಾರ್ಡಿನಲ್ಲಿ ಆ ಜಾಗ ಬಂತು. ವರ್ಡೆಲ್ ಪೊಟ್ಟಣವನ್ನು ನನ್ನ ಮಡಿಲಿಗೆ ಹಾಕಿ ತಲೆ ಹಿಂದಕ್ಕೆ ಎಸೆದಳು.

ವರ್ಡೆಲ್: ತಿರುವಿ ಹಾಕೋ ಮಗನೇ, ಆ ಕಡೆ ಇನ್ನೂ ಬೆಂದಿಲ್ಲ!

ಎರಡು ಕೂಗು ಕೂದಲೆಳೆಯಷ್ಟೂ ಬೇರೆಯಾಗಲಿಲ್ಲ. ಗೋಡೆಯ ಕನ್ನಡಿ ಅದುರಿತು. ಅಲಾಂಜೊ ಮೆಲ್ಲಗೆ ರೆಕಾರ್ಡಿನ ಮುಳ್ಳು ಎತ್ತಿದ.

ಅಲಾಂಜೊ: ವರ್ಡೆಲ್... ಆವತ್ತು ಪ್ರಾರ್ಥನಾ ಸಭೆ ಅಂದಿದ್ದೆ ನೀನು.

ವರ್ಡೆಲ್: ಪ್ರಾರ್ಥನೆ ಮಾಡ್ದೆ ಅಂತ್ಲೇ ಇಟ್ಕೊ. ಅವನು ಹಂಗೆ ಬಾರಿಸಿದ್ರೆ ದೇವರನ್ನ ನೆನೆಯದೆ ಇರೋಕಾಗುತ್ತಾ?

ಕ್ಲಿಯೋಫಸ್: ಸಿಸ್ಟರ್, ಇದನ್ನ ನಾನು ಒಪ್ಪಲ್ಲ. ಆವತ್ತು ಆ ಹೊತ್ತಿಗೆ ನಾನೂ ಏನೋ ಕೂಗ್ತಿದ್ದೆ.

ವರ್ಡೆಲ್: ಹೌದು, ಕೌಂಟರ್ ಹತ್ರ. ಕೋಳಿ ರೆಕ್ಕೆ ಚಿಕ್ಕದು ಅಂತ.

ಅಲಾಂಜೊ: ಸುಳ್ಳು! ನೀನು ಬಂದಿದ್ರೆ ನನ್ನ ಕಣ್ಣಿಗೆ ಬೀಳ್ತಿರ್ಲಿಲ್ವಾ? ಎಲ್ಲಿ ಕೂತಿದ್ದೆ?

ವರ್ಡೆಲ್: ನಿನ್ನ ಬೆನ್ನ ಹಿಂದೆ. ಟೋಪಿಯ ಜಾಲರಿ ಇಳಿಸ್ಕೊಂಡು. ನಾನು ಕೂಗಿದ ತಕ್ಷಣ ನೀನು ತಿರುಗಿಯೂ ನೋಡದೆ ಏನಂದೆ, ನೆನಪಿದ್ಯಾ?

ಅಲಾಂಜೊನ ಮುಖ ನೋಡಲಾಗುತ್ತಿರಲಿಲ್ಲ. ಅವನಿಗೆ ನೆನಪಾಗಿತ್ತು. ನನಗೂ ಅರ್ಥವಾಯಿತು. ಕ್ಲಿಯೋಫಸ್ ನೊರೆ ಹಾರುವ ಹಾಗೆ ಎದ್ದು ನಿಂತ.

ಕ್ಲಿಯೋಫಸ್: ನೀನಾ? ಆ ಮೂದೇವಿ ನೀನಾ?

ಅಲಾಂಜೊ: ಏನ್ ಮಾಡ್ಲೋ! ಕುಂಚದಲ್ಲಿ ಸವರ್ತಿದ್ದ ಕಣೋ ಅವನು. ಮಗು ತಲೆ ನೇವರಿಸ್ದಂಗೆ. ಅದೊಂದು ಕೇಳೋಕೆ ಅಂತ್ಲೇ ಅಂಗಡಿಯೆಲ್ಲಾ ಗುಡಿಸಿ ಓಡಿ ಹೋಗಿದ್ದೆ. ಹಿಂದಿನಿಂದ ಯಾವನೋ ಮೀನು ತಿರುವು ಅಂದ್ರೆ ಹೊಟ್ಟೆ ಉರಿಯಲ್ವಾ?

ಒಂದು ಕ್ಷಣ ಪಾಪ ಅನ್ನಿಸಿತು. ವರ್ಡೆಲಳಿಗೂ ಅನ್ನಿಸಿರಬೇಕು, ಅವಳ ದನಿ ಇಳಿಯಿತು.

ವರ್ಡೆಲ್: ಅದು ನಿಜ. ಕುಂಚದ ಕೈ ಅವನದು ಬಂಗಾರ.

ಅಲಾಂಜೊ: ಹಾಗಾದ್ರೆ ನಾಳೆ ಎರಡನೇ ಕುರ್ಚಿ ನನ್ನದು ತಾನೇ, ಚಿನ್ನಾ?

ವರ್ಡೆಲ್: ಅದು ಪಾದ್ರಿಯವರ ಹೆಂಡ್ತಿಗೆ ಹೇಳಿ ಆಗಿದೆ. ಆವತ್ತೂ ಅವಳೇ ನನ್ನ ಜೊತೆಗಿದ್ದಿದ್ದು. ರೆಕಾರ್ಡಿನ ಇನ್ನೊಂದು ಮಗ್ಗುಲಲ್ಲಿ ಬರೋ ಶಿಳ್ಳೆ ಇನ್ಯಾರದು ಅನ್ಕೊಂಡ್ರಿ?

ಅವಳು ನನ್ನ ಮಡಿಲಿನಿಂದ ಮೀನಿನ ಪೊಟ್ಟಣ ಎತ್ತಿ ಗಂಡನ ಕೈಗಿಟ್ಟು, ಟೋಪಿ ಸರಿಪಡಿಸಿಕೊಂಡು ಹೊರಟೇಹೋದಳು. ಅಲಾಂಜೊ ಬೇಸರ ಕಳೆಯಲು ಆ ಜಾಗಕ್ಕೆ ತುಸು ಹಿಂದಿನಿಂದ ರೆಕಾರ್ಡು ಹಚ್ಚಿದ. ಕುಂಚದ ಸದ್ದು ಮೆಲ್ಲಗೆ ಬಂತು. ಅವನು ಕಣ್ಣು ಮುಚ್ಚಿದ. ರೆಕಾರ್ಡಿನಲ್ಲಿ ವರ್ಡೆಲಳ ಕೂಗು ಬಂದದ್ದೇ ತಡ, ಕ್ಲಿಯೋಫಸನಿಗೆ ನಗು ತಡೆಯಲಾಗಲಿಲ್ಲ, ಕುರ್ಚಿಯಲ್ಲಿ ಬಿದ್ದು ಬಿದ್ದು ನಗತೊಡಗಿದ.

ಅಲಾಂಜೊ: ಬಾಯ್ಮುಚ್ಚಯ್ಯಾ, ಕೇಳಿಸ್ತಿಲ್ಲ!

ಸರಿಯಾಗಿ ಆ ಹೊತ್ತಿಗೇ ರೆಕಾರ್ಡೂ ಗದರಿತು. ತಾಳ ಒಂದಿಷ್ಟೂ ತಪ್ಪಲಿಲ್ಲ.