ನವಿಲಿನ ಇತಿಹಾಸ ಶುದ್ಧಿ

ಶಿಂಚು ನಗರದ ಲಿಫ್ಟ್ ಕಂಪನಿಯೊಂದರಲ್ಲಿ ಎಲ್ಲರ ಪ್ರೋಗ್ರಾಮುಗಳನ್ನೂ ಕೂಡಿಡುವ ಕೋಡ್ ಭಂಡಾರದಲ್ಲಿ ಲಿಫ್ಟಿಗೆ ಸಂಬಂಧಿಸಿದ್ದು ನೂರಕ್ಕೆ ಎರಡು ಪಾಲು ಮಾತ್ರ. ಉಳಿದದ್ದೆಲ್ಲ ಜನರಲ್ ಮ್ಯಾನೇಜರ್ ಶ್ಯೂ ಅವರು ವರ್ಷಾಂತ್ಯದ ಔತಣದಲ್ಲಿ ನವಿಲಿನ ವೇಷ ತೊಟ್ಟು ಕುಣಿದ ವಿಡಿಯೊ. ಯಾರೋ ಭಕ್ತಿಯಿಂದ ಅದನ್ನು ಅಲ್ಲಿಟ್ಟಿದ್ದರು. ಇನ್ಯಾರೋ ಭಯದಿಂದ ಅಳಿಸಿದ್ದರು. ಆದರೂ ಭಂಡಾರದ ಭಾರ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಹೊಸದಾಗಿ ಸೇರಿದವರು ಬೆಳಿಗ್ಗೆ ಡೌನ್‌ಲೋಡಿಗೆ ಇಟ್ಟರೆ ಸಂಜೆಗೂ ಅದು ನವಿಲಿನ ಬಾಲದಲ್ಲೇ ಇರುತ್ತಿತ್ತು.

ಹೊಸವರ್ಷದ ರಜೆಗೆ ಮೊದಲು ಭಂಡಾರವನ್ನು ಹಗುರಗೊಳಿಸತಕ್ಕದ್ದು, ಅಲ್ಲಿಯವರೆಗೆ ಸಂಬಂಧಪಟ್ಟವರು ಊರಿಗೆ ಹೋಗತಕ್ಕದ್ದಲ್ಲ ಎಂದು ಆದೇಶವಾಯಿತು. ಸಂಬಂಧಪಟ್ಟವರು ಎಂದರೆ ಪ್ರೋಗ್ರಾಮರ್ ಮಿನ್-ಯಾ. ಪಿಂಗ್‌ಟುಂಗ್‌ನಲ್ಲಿ ಅವಳ ಅಮ್ಮ, ಮಗಳು ಬರದೆ ಹಬ್ಬದೂಟಕ್ಕೆ ಒಲೆಯನ್ನೇ ಹಚ್ಚುವುದಿಲ್ಲವೆಂದು ಹಟ ಹಿಡಿದಿದ್ದರು. ಕಾದಿರಿಸಿದ್ದ ರೈಲು ತಪ್ಪಿದರೆ ಆ ವಾರ ಇನ್ನೊಂದು ಟಿಕೆಟ್ ಸಿಗುವುದು ಕನಸಿನ ಮಾತು.

"ಅಳಿಸಿದ್ಮೇಲೂ ಅದು ಹೇಗಮ್ಮ ಇರುತ್ತೆ?" ಎಂದರು ವಿಭಾಗದ ಮ್ಯಾನೇಜರ್ ಲಿಯಾವ್.

"ಕಣ್ಣಿಗೆ ಕಾಣಲ್ಲ ಸಾರ್, ಆದ್ರೆ ಭಂಡಾರ ಯಾವ್ದನ್ನೂ ಮರೆಯಲ್ಲ, ಸೇರಿಸಿದ್ದು ಅಳಿಸಿದ್ದು ಎಲ್ಲಾ ಅದರ ಇತಿಹಾಸದಲ್ಲಿ ಉಳ್ಕೊಂಡಿರುತ್ತೆ. ಇತಿಹಾಸದಿಂದ್ಲೇ ಕಿತ್ತು ಹಾಕ್ಬೇಕು. ಆಮೇಲೆ ಎಲ್ರೂ ಹಳೇ ಪ್ರತಿ ಬಿಸಾಕಿ ಹೊಸದು ಇಳಿಸ್ಕೋಬೇಕು. ಒಬ್ರು ಹಳೇದನ್ನ ತಂದು ಬೆಸೆದ್ರೂ ನವಿಲು ವಾಪಸ್."

"ಎಲ್ರೂ ಅಂದ್ರೆ ದೊಡ್ಡ ಸಾಹೇಬ್ರೂನಾ?"

"ಅವ್ರ ಲ್ಯಾಪ್‌ಟಾಪಲ್ಲೂ ಒಂದಿದೆಯಲ್ಲ ಸಾರ್."

"ಹಾಗಾದ್ರೆ ನೀನೇ ಹೋಗಿ ಹೇಳು ತಾಯಿ, ನಿಮ್ಮ ಕುಣಿತದ ಭಾರ ತಡ್ಕೊಳಕ್ಕಾಗ್ತಿಲ್ಲ ಅಂತ."

ಮಿನ್-ಯಾ ಹೋಗಲಿಲ್ಲ. ಲಿಯಾವ್ ಅವರೂ ಹೋಗಲಿಲ್ಲ. "ಜನರಲ್ ಮ್ಯಾನೇಜರ್ ಹೊರತು ಸಮಸ್ತರೂ ಹಳೆಯ ಪ್ರತಿಗಳನ್ನು ನಾಶಪಡಿಸತಕ್ಕದ್ದು, ಕಾರಣ ಕೇಳತಕ್ಕದ್ದಲ್ಲ" ಎಂಬ ಪ್ರಕಟಣೆ ಹೊರಟಿತು. ನವಿಲನ್ನು ಇತಿಹಾಸದಿಂದ ತೆಗೆಯಲಾಯಿತು. ಭಂಡಾರ ಹತ್ತಿಯಂತೆ ಹಗುರವಾಯಿತು. ಮಿನ್-ಯಾ ಚೀಲ ಹೆಗಲಿಗೇರಿಸಿದಳು.

ಅಷ್ಟರಲ್ಲಿ ಶ್ಯೂ ಅವರು ಪ್ರತಿವರ್ಷದ ಪದ್ಧತಿಯಂತೆ ಹೊಸವರ್ಷದ ಶುಭಾಶಯದ ಸಾಲೊಂದನ್ನು ಸ್ವಹಸ್ತದಿಂದ ಕೋಡಿಗೆ ಸೇರಿಸಿದರು. ಅವರದು ಹಳೆಯ ಪ್ರತಿಯಾದ್ದರಿಂದ ಭಂಡಾರ ಒಪ್ಪಲಿಲ್ಲ. ಒಂದು ಕಾಲದಲ್ಲಿ ತಾವೂ ಪ್ರೋಗ್ರಾಮರ್ ಆಗಿದ್ದವರು, ಬಿಡುತ್ತಾರೆಯೇ? ಹಳೆಯದನ್ನೂ ಹೊಸದನ್ನೂ ಬೆಸೆದೇ ಕಳಿಸಿದರು. ನವಿಲು ಗರಿ ಬಿಚ್ಚಿಕೊಂಡು ಮರಳಿತು. ಮಿನ್-ಯಾಗೆ ಅಳುವೇ ಬಂತು.

ತುರ್ತು ತನಿಖೆ ನಡೆಯಿತು. ಯಂತ್ರಗಳು ತಂಟೆ ಮಾಡದಿರಲೆಂದು, ಆ ನಾಡಿನ ಎಲ್ಲ ಕಚೇರಿಗಳ ನಂಬಿಕೆಯಂತೆ, ಇಲ್ಲಿಯೂ ಸರ್ವರ್ ಮೇಲೆ ಹಸಿರು ಪೊಟ್ಟಣದ ಕುರುಕಲು ತಿಂಡಿ ಇಟ್ಟಿದ್ದರು. ಲಿಯಾವ್ ಅದನ್ನು ತಿರುಗಿಸಿ ನೋಡಿದರೆ ಅವಧಿ ಮುಗಿದಿತ್ತು, ಅಂದರೆ ಯಂತ್ರ ಮುನಿದಿತ್ತು. ಒಂದು ಕೊಂಡರೆ ಒಂದು ಉಚಿತವೆಂದು ತಂದವರು ಅವರೇ. ಉಚಿತದ್ದನ್ನು ಸರ್ವರ್ ಮೇಲಿಟ್ಟು ಇನ್ನೊಂದನ್ನು ಮನೆಗೆ ಒಯ್ದಿದ್ದರು.

"ಸಿಕ್ಕಿಬಿದ್ದ ನೋಡಮ್ಮ ಕಳ್ಳ!" ಎಂದು ಪೊಟ್ಟಣವನ್ನು ಎಲ್ಲರಿಗೂ ತೋರಿಸಿದರು.

"ನನ್ ಕೆಲ್ಸದ ಗತಿ ಏನು ಸಾರ್?"

"ಯಾವ ಕೆಲ್ಸ? ಸಾಹೇಬ್ರ ನವಿಲನ್ನ ಇಲ್ಲಿ ಯಾರಾದ್ರೂ ತೆಗೀತಾರಾ? ನೀನು ತೆಗೆದದ್ದನ್ನೂ ಇತಿಹಾಸದಿಂದ ತೆಗೆದ್ಬಿಡು. ನಡೀದೇ ಇರೋ ಕೆಲ್ಸ ಬಾಕಿ ಹೇಗೆ ಉಳಿಯುತ್ತೆ? ಹೊರಡು, ರೈಲು ತಪ್ಪುತ್ತೆ."

ಅದನ್ನೂ ತೆಗೆಯಲಾಯಿತು. ಭಂಡಾರವು ಮೊದಲಿನಿಂದಲೂ ಇಷ್ಟೇ ತೂಕವಿದ್ದು, ಅದು ಕಂಪನಿಯ ಘನತೆಯ ಲಕ್ಷಣವೆಂದೂ, ಡೌನ್‌ಲೋಡಿಗೆ ಕಾಯುವ ಕಾಲವನ್ನು ತರಬೇತಿ ಎಂದೇ ಪರಿಗಣಿಸಲಾಗುವುದೆಂದೂ ಹೊಸ ಪ್ರಕಟಣೆ ಬಂತು. ಓದಿ ಒಪ್ಪಿದೆವೆಂದು ಎಲ್ಲರೂ ತಮ್ಮ ತಮ್ಮ ಮೊಹರು ಒತ್ತಿದರು. ಸರ್ವರ್ ಮೇಲೆ ತಾಜಾ ಪೊಟ್ಟಣ ಇಡಲಾಯಿತು.

ಪಿಂಗ್‌ಟುಂಗ್‌ನಲ್ಲಿ ಅಮ್ಮ ಮೀನಿನ ತಟ್ಟೆಯನ್ನು ಮುಂದೆ ತಳ್ಳಿ, "ಹೇಗೆ ಸೊರಗಿದ್ದೀ! ಇಷ್ಟು ದಿನ ಆಫೀಸಲ್ಲಿ ಏನು ಕಡಿದು ಕಟ್ಟೆ ಹಾಕಿದ್ಯೇ?" ಎಂದರು.

"ಏನೂ ಇಲ್ಲಮ್ಮ," ಎಂದಳು ಮಿನ್-ಯಾ.

ಕಚೇರಿಯ ದಾಖಲೆಯ ಪ್ರಕಾರ ಅದು ಸತ್ಯವೇ ಆಗಿತ್ತು.