ಬೆರಳ ತುದಿಯ ಚರ್ಮದವರಿಗೆ, ಸೋಮವಾರದ ಹಾಸಿನ ವಿಚಾರವಾಗಿ

ನೇಕಾರರ ಬೀದಿ, ಕೊಳ್ಳೇಗಾಲ
ಗುರುವಾರ, ಜನವರಿ 1952

ಮಾನ್ಯ ಚರ್ಮದವರ ಸನ್ನಿಧಾನಕ್ಕೆ, ಎಪ್ಪತ್ತೊಂದು ವರ್ಷದಿಂದ ತಮ್ಮೊಳಗೇ ಬಿಡಾರ ಮಾಡಿಕೊಂಡಿರುವ ವೀರಮ್ಮ ಮಾಡುವ ನಮಸ್ಕಾರಗಳು.

ನನ್ನ ಮಗ ಚಿನ್ನಸ್ವಾಮಿ, ಸೊಸೆ ಸುವರ್ಣಮ್ಮ, ಮನೆಯ ಎರಡು ಮಗ್ಗ, ಎಲ್ಲವೂ ಇಲ್ಲಿ ಕ್ಷೇಮ. ತಮ್ಮ ಕಡೆಯವರೆಲ್ಲ ಹೇಗಿದ್ದಾರೆ? ಕೆನ್ನೆಯವರು ಜೋತುಬಿದ್ದರೂ ನಗುನಗುತ್ತಲೇ ಇದ್ದಾರೆಯೇ? ಮುಂಗೈಯವರ ಮೇಲಿನ ಕಂದು ಮಚ್ಚೆಗಳು ಮರಿ ಹಾಕಿ ಸುಖವಾಗಿವೆಯೇ? ಹಿಮ್ಮಡಿಯವರು ಈ ಚಳಿಗಾಲದಲ್ಲೂ ಬಾಯಿ ಬಿಟ್ಟುಕೊಂಡೇ ಕೂತಿರುವರೋ ಹೇಗೆ? ಯಳಂದೂರಿನಲ್ಲಿರುವ ನನ್ನ ತಂಗಿ ಗೋವಿಂದಮ್ಮನ ಚರ್ಮದವರನ್ನೂ ಕೇಳಿದೆನೆಂದು ತಿಳಿಸಿ. ಅವಳ ಊರು ಮೈಸೂರು ಸರ್ಕಾರಕ್ಕೆ ಸೇರಿದ್ದು, ನನ್ನದು ಮದ್ರಾಸು ಸರ್ಕಾರಕ್ಕೆ. ಆದರೂ ಇಬ್ಬರಿಗೂ ಒಂದೇ ತುರಿಕೆ ಬಂದಿರುವುದನ್ನು ನೋಡಿದರೆ, ಎರಡು ಸರ್ಕಾರಕ್ಕೂ ಆಗದ ಏಕಾಡಳಿತ ತಮ್ಮಿಂದ ಆಗಿದೆ ಎಂದು ಸಂತೋಷವಾಗುತ್ತದೆ. ಈ ಪತ್ರದ ಒಂದು ನಕಲನ್ನು ಅವಳಿಗೂ ಹಾಕುತ್ತೇನೆ.

ತಮ್ಮ ಉಪಕಾರಗಳನ್ನು ಮರೆಯುವವಳಲ್ಲ ನಾನು. ಬಾಗಿಲು ಸುಮ್ಮನೆ ಸೋಕಿದರೂ ತೋಳಿನ ಮೇಲೆ ನೇರಳೆ ಬಣ್ಣದ ಅಂಚು ನೇಯ್ದು ಕೊಡುತ್ತೀರಿ. ಅಷ್ಟು ಚೆಂದದ ಬಣ್ಣ ನಮ್ಮ ಮಗ್ಗದಲ್ಲೂ ಬಿದ್ದಿಲ್ಲ. ಹೋದ ವರ್ಷ ರಾಟೆಯ ಕದಿರು ಚುಚ್ಚಿದ ಗಾಯವನ್ನು ಎರಡು ತಿಂಗಳು ಮುಚ್ಚದೆ, ಬಂದ ನೆಂಟರೆಲ್ಲ ನೋಡಿ ಹೋಗಲಿ ಎಂದು ತೆರೆದೇ ಇಟ್ಟಿದ್ದಿರಿ. ಸುಡುವ ಪಾತ್ರೆಯನ್ನು ಎತ್ತಿದಾಗ, ಮುದುಕಿ ಗಾಬರಿಯಾದಾಳೆಂದು ಬೊಬ್ಬೆ ಏಳುವವರೆಗೂ ಸುದ್ದಿಯನ್ನೇ ಮುಟ್ಟಿಸಲಿಲ್ಲ. ಇಷ್ಟು ಕಾಳಜಿ ಮಾಡುವವರು ನೆಂಟರಲ್ಲೂ ಇಲ್ಲ.

ಇವಕ್ಕೆಲ್ಲ ನನ್ನ ತಕರಾರಿಲ್ಲ. ತಕರಾರಿರುವುದು ಹತ್ತು ಬೆರಳ ತುದಿಯ ಬಗ್ಗೆ ಮಾತ್ರ.

ತಮಗೆ ತಿಳಿಯದ್ದೇನಲ್ಲ, ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಒಂದು ಹಾಸು ಮುಗಿಯುತ್ತಾ ಬಂದಾಗ ಹೊಸ ಹಾಸಿನ ಒಂದೊಂದು ರೇಷ್ಮೆ ಎಳೆಯನ್ನೂ ಹಳೆಯ ಎಳೆಯ ತುದಿಗೆ ಬೂದಿ ಮುಟ್ಟಿ ಹೊಸೆಯಬೇಕು. ಸಾವಿರಾರು ಎಳೆ. ಐವತ್ತು ವರ್ಷ ಈ ಮನೆಯಲ್ಲಿ ಆ ಕೆಲಸ ನನ್ನದು. ಕಣ್ಣು ಮುಚ್ಚಿಕೊಂಡು ಹೊಸೆಯುತ್ತಿದ್ದೆ, ಏಕೆಂದರೆ ನೋಡುತ್ತಿದ್ದವರು ತಾವು. ಈಗ ತಾವು ಒಣಗಿ, ಬಿರಿದು, ಜಾಲಿಮುಳ್ಳಿನ ಹಾಗೆ ಎಳೆಯನ್ನು ಹಿಡಿದುಕೊಳ್ಳುತ್ತೀರಿ. ಹೋದ ದೀಪಾವಳಿಯ ಹೊತ್ತಿನ ಹಾಸಿನಲ್ಲಿ ಒಂದೇ ಸಲ ಕೈ ಎತ್ತಿದ್ದಕ್ಕೆ ಮೂವತ್ತೋ ನಲವತ್ತೋ ಎಳೆ ಕಿತ್ತು ಬಂದವು. ಚಿನ್ನಸ್ವಾಮಿ ಬಯ್ಯಲಿಲ್ಲ. ನನ್ನ ಕೈಯನ್ನು ಮೆಲ್ಲಗೆ ಎತ್ತಿ ನನ್ನ ಮಡಿಲಲ್ಲೇ ಇಟ್ಟು, "ನೀ ಮುಟ್ಬ್ಯಾಡ ಕಣವ್ವ, ಜಗುಲಿ ಮ್ಯಾಲೆ ಬಿಸ್ಲಲ್ಲಿ ಕೂತ್ಕೋ ಓಗು" ಅಂದ. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರ ಹತ್ತಿರ ಹೋದೆ. ಅವರು ಬೆರಳುಗಳನ್ನು ತಿರುಗಿಸಿ ನೋಡಿ, ಇದು ಕಾಯಿಲೆಯಲ್ಲ ಅಜ್ಜಿ, ವಯಸ್ಸು. ಚರ್ಮ ತೆಳ್ಳಗಾಗಿದೆ, ಒಳಗಿನ ಜಿಡ್ಡು ಬತ್ತಿದೆ, ಕೊಬ್ಬರಿ ಎಣ್ಣೆ ಹಚ್ಚಿ ಎಂದರು. ಎಣ್ಣೆಯ ಕೈ ರೇಷ್ಮೆಗೆ ಆಗದು. ಎಣ್ಣೆ ಹೋಗಲೆಂದು ಅಂಟುವಾಳಕಾಯಿಯಲ್ಲಿ ತೊಳೆದರೆ ತಾವು ಮತ್ತೆ ಬಿರಿಯುತ್ತೀರಿ. ಬಿರಿದದ್ದಕ್ಕೆ ಮತ್ತೆ ಎಣ್ಣೆ. ಹೀಗೆ ಒಂದು ತಿಂಗಳು ತಮ್ಮನ್ನೂ ನನ್ನನ್ನೂ ಗಾಣದ ಎತ್ತಿನ ಹಾಗೆ ಸುತ್ತಿಸಿದೆ. ಕೊನೆಗೆ, ಹಳೆಯ ನೂಲಿನ ಸೀರೆಗೆ ಗಂಜಿ ಹಾಕಿದರೆ ಹೊಸದರ ಹಾಗೆ ಆಗುತ್ತದಲ್ಲ ಎಂದು ಯೋಚಿಸಿ, ಹತ್ತು ಬೆರಳನ್ನೂ ಅನ್ನದ ಗಂಜಿಯಲ್ಲಿ ಅದ್ದಿ ಒಣಗಿಸಿದೆ. ಬೆರಳುಗಳು ಸೌದೆ ಕಡ್ಡಿಯಾಗಿ ನಿಂತುಬಿಟ್ಟವು, ರೊಟ್ಟಿ ಮುರಿಯಲೂ ಬಾಗಲಿಲ್ಲ. ತುತ್ತು ಮಾಡಿ ಬಾಯಿಗಿಟ್ಟ ಸುವರ್ಣಮ್ಮ, "ಅತ್ತೆಮ್ಮ, ಇಸ್ತ್ರಿನೂ ಮಾಡುಸ್ಲಾ?" ಅಂದಳು. ನಕ್ಕು ನಕ್ಕು ನನಗೆ ಹಿಕ್ಕಳಿಕೆ ಬಂತು.

ಈಗ ನನ್ನ ಬಿನ್ನಹ. ಬರುವ ಸೋಮವಾರ ಹೊಸ ಹಾಸು ಬರುತ್ತದೆ. ಭಾನುವಾರ ಸಾಯಂಕಾಲ ಚಿನ್ನಸ್ವಾಮಿ ನನ್ನ ಹತ್ತು ಬೆರಳ ಮೇಲೂ ಒಂದು ರೇಷ್ಮೆ ಎಳೆ ಎಳೆದು ನೋಡುತ್ತಾನೆ. ಎಲ್ಲೂ ಸಿಕ್ಕಿಕೊಳ್ಳದಿದ್ದರೆ ನಾನು ಕೂರಬಹುದು, ಸಿಕ್ಕಿಕೊಂಡರೆ ಹಿಂದಿನ ಬೀದಿಯ ಕೆಂಚಯ್ಯ ಬಂದು ಕೂರುತ್ತಾನೆ. ಕೆಂಚಯ್ಯ ಒಳ್ಳೆಯವನೇ. ಆದರೆ ಅವನು ಒಂದು ಸಲ ಬಂದು ಕೂತರೆ ಆ ಜಾಗಕ್ಕೆ ನನ್ನನ್ನು ಇನ್ನು ಯಾರೂ ಕರೆಯುವುದಿಲ್ಲ.

ತಾವು ಮನಸ್ಸು ಮಾಡಿದರೆ ದಾರಿಯಿದೆ. ನನ್ನ ಸೊಂಟದ ಮೇಲಿನ ಚರ್ಮದವರು ಎಪ್ಪತ್ತು ವರ್ಷ ಬಿಸಿಲು ಕಾಣದೆ, ಬೂದಿ ಮುಟ್ಟದೆ, ಸೀರೆಯ ನೆರಳಿನಲ್ಲಿ ಕೂತು ಉಂಡು ಇನ್ನೂ ಎಳೆಗೂಸಿನ ಹಾಗಿದ್ದಾರೆ. ಅವರನ್ನು ಕೂಡಲೇ ಬೆರಳಿಗೆ ವರ್ಗ ಮಾಡಿ, ದುಡಿದು ಸವೆದ ಬೆರಳಿನವರನ್ನು ವಿಶ್ರಾಂತಿಗೆ ಸೊಂಟಕ್ಕೆ ಕಳಿಸಬೇಕಾಗಿ ಕೋರುತ್ತೇನೆ. ಅದಾಗದಿದ್ದರೆ ನನ್ನ ಹದಿನೇಳನೇ ವಯಸ್ಸಿನ ಚರ್ಮವನ್ನು ಸೋಮವಾರಗಳಿಗೆ ಮಾತ್ರ ಎರವಲು ಕೊಡಿ, ಮಂಗಳವಾರ ಬೆಳಿಗ್ಗೆ ತೊಳೆದು ಮಡಿಸಿ ವಾಪಸು ಮಾಡುತ್ತೇನೆ. ಅದಕ್ಕೆ ಬದಲಾಗಿ ಕೆನ್ನೆ, ಕತ್ತು, ಹಣೆ ಎಲ್ಲವನ್ನೂ ತಮ್ಮ ಇಷ್ಟದಂತೆ ಸುಕ್ಕು ಮಾಡಿಕೊಳ್ಳಬಹುದು. ಕನ್ನಡಿಯನ್ನು ಸುವರ್ಣಮ್ಮನಿಗೆ ಕೊಟ್ಟುಬಿಟ್ಟಿದ್ದೇನೆ.

ಉತ್ತರವನ್ನು ಬೇಗ ಬರೆಯಿರಿ. ಮಸಿ, ಕಾಗದ ಬೇಡ. ಭಾನುವಾರ ಎಳೆ ಬಂದಾಗ ಅದನ್ನು ಸುಮ್ಮನೆ ಹೋಗಲು ಬಿಟ್ಟರೆ ಸಾಕು, ನಾನು ಓದಿಕೊಳ್ಳುತ್ತೇನೆ.

ತಮ್ಮನ್ನು ಬಿಟ್ಟು ಎಲ್ಲೂ ಹೋಗಲಾರದ,
ತಮ್ಮ ವಿಶ್ವಾಸಿ
ವೀರಮ್ಮ

ಮರೆತ ಮಾತು: ಗೋವಿಂದಮ್ಮನ ನಕಲನ್ನು ಮಡಿಸುವಾಗ ನೋಡಿದೆ, ನನ್ನ ತೋರುಬೆರಳಿಗೆ ಸಿಕ್ಕಿಕೊಂಡ ಒಂದು ಕೆಂಪು ಎಳೆ ಕಾಗದದೊಳಕ್ಕೆ ಬಂದುಬಿಟ್ಟಿದೆ. ಇದನ್ನು ತಮ್ಮ ಉತ್ತರವೆಂದು ನಾನು ಎಣಿಸುವುದಿಲ್ಲ. ಭಾನುವಾರಕ್ಕೆ ಇನ್ನೂ ಮೂರು ದಿನವಿದೆ.